ಏಳನೇ ವರ್ಷಕ್ಕೆ ಕಾಲಿಟ್ಟ ನನ್ನ ಸತುವಿನ ಟ್ರೇಲರ್, ಮತ್ತು ಅದರ ಬಾಲದ ಎರಡು ತೂತುಗಳು

ಯಂತ್ರ ಸಾಗಿಸಲೆಂದು ಈ ಟ್ರೇಲರ್ ಕೊಂಡು ಆರು ವರ್ಷ ತುಂಬಿತು. ಉದ್ದಗಲ ಎಷ್ಟು, ಎಷ್ಟು ಭಾರ ಹೊರುತ್ತದೆ ಎಂಬುದೆಲ್ಲ ಮಾರುವವರು ಕೊಡುವ ಹಾಳೆಯಲ್ಲೇ ಇರುತ್ತದೆ, ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಎರಡು ಆಕ್ಸಲ್, ಕಾಯಿಸಿದ ಸತುವಿನಲ್ಲಿ ಇಡಿಯಾಗಿ ಅದ್ದಿ ತೆಗೆದ ಚಾಸಿಸ್, ಹಿಂದೆ ಇಳಿಸಿ ಏರಿಸುವ ರ‍್ಯಾಂಪ್. ಇಷ್ಟು ಗೊತ್ತಿದ್ದರೆ ಸಾಕು. ನಾನು ಬರೆಯಲು ಕುಳಿತದ್ದು ಚಾಸಿಸ್‌ನ ಹಿಂತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಕಿರುಬೆರಳಿನ ಗಾತ್ರದ ಎರಡು ತೂತುಗಳ ಬಗ್ಗೆ.

ಮೊದಲು ಹಳೆಯದರ ಕಥೆ ಹೇಳಬೇಕು. ಅದು ಬಣ್ಣ ಬಳಿದ ಟ್ರೇಲರ್. ದಪ್ಪನೆಯ ಕಪ್ಪು ಬಣ್ಣ, ನೋಡಿದರೆ ಕಣ್ಣು ಕುಕ್ಕಬೇಕು. ಒಂದು ಬೆಳಿಗ್ಗೆ ಪುಟ್ಟ ಅಗೆಯುವ ಯಂತ್ರವನ್ನು ಹತ್ತಿಸುವಾಗ ಕೆಳಗಿನ ಅಡ್ಡಪಟ್ಟಿ ಕಿರ್ ಎಂದಿತು. ಬಗ್ಗಿ ನೋಡಿದರೆ ಬಣ್ಣಕ್ಕೆ ಏನೂ ಆಗಿರಲಿಲ್ಲ. ಅನುಮಾನಕ್ಕೆ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದೆ, ಹಿಡಿಯವರೆಗೂ ಒಳಗೆ ಹೋಯಿತು. ಚಾಸಿಸ್‌ ಮಾಡಿದ ಬಾಕ್ಸ್ ಪೈಪಿನೊಳಗೆ, ಅಂದರೆ ನಾಲ್ಕೂ ಬದಿ ಮುಚ್ಚಿದ ಟೊಳ್ಳು ಪೈಪಿನೊಳಗೆ, ವರ್ಷಗಟ್ಟಲೆ ನೀರು ನಿಂತು ಉಕ್ಕನ್ನು ಒಳಗಿನಿಂದಲೇ ತಿಂದಿತ್ತು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಹೊರಗಿನ ಬಣ್ಣಕ್ಕೆ ಒಳಗಿನ ತುಕ್ಕಿನ ಸುದ್ದಿಯೇ ತಿಳಿದಿರಲಿಲ್ಲ.

ಹಾಗಾಗಿ ಈ ಸಲ ಸತುವು ಎಂದು ಹಟ ಹಿಡಿದೆ. ಬೆಲೆ ಹೆಚ್ಚು, ಅದನ್ನು ಹೊಂದಿಸಲು ಯಂತ್ರವನ್ನು ಎಳೆದು ಹತ್ತಿಸುವ ವಿಂಚ್ ಬಿಟ್ಟುಕೊಟ್ಟೆ, ಅಲ್ಯೂಮಿನಿಯಂ ಹಾಸಿನ ಬದಲು ಮರದ ಹಲಗೆಗೆ ಒಪ್ಪಿಕೊಂಡೆ. ಅಂಗಡಿಯಲ್ಲಿ ‘ಗ್ಯಾಲ್ವನೈಸ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ವಸ್ತುಗಳನ್ನು ಮಾರುತ್ತಾರೆ, ಅಲ್ಲಿ ಎಚ್ಚರ ಬೇಕು. ವಿದ್ಯುತ್ ಹಾಯಿಸಿ ಲೇಪಿಸಿದ ಸತುವು ತೆಳ್ಳಗಿನ ಪೊರೆ, ಸಾಮಾನ್ಯವಾಗಿ ಹತ್ತು ಮೈಕ್ರಾನಿನ ಆಸುಪಾಸು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿದ ಪದರ ಬೇರೆಯೇ ಮಾತು: ಐಎಸ್‌ಒ 1461 ಎಂಬ ಮಾನದಂಡದ ಪ್ರಕಾರ 6 ಮಿಲಿಮೀಟರಿಗಿಂತ ದಪ್ಪದ ಉಕ್ಕಿಗೆ ಸರಾಸರಿ ಕನಿಷ್ಠ 85 ಮೈಕ್ರಾನ್, 3ರಿಂದ 6 ಮಿಲಿಮೀಟರ್ ದಪ್ಪಕ್ಕೆ 70. ಮೊದಲನೆಯದು ಮಿರಮಿರ ಮಿನುಗುತ್ತದೆ, ಎರಡನೆಯದು ಅಷ್ಟು ಚೆಂದ ಕಾಣುವುದಿಲ್ಲ. ಅಲ್ಲಲ್ಲಿ ಸತುವಿನ ಹನಿ ಗಟ್ಟಿಯಾಗಿ ಅಂಟಿರುತ್ತದೆ. ಆ ಹನಿಗಳನ್ನು ಕಂಡ ಮೇಲೆಯೇ ನಾನು ದುಡ್ಡು ತೆಗೆದದ್ದು.

ಇನ್ನು ತೂತುಗಳು. ಮುಚ್ಚಿದ ಪೈಪನ್ನು ಕರಗಿದ ಸತುವಿಗೆ ಅದ್ದುವಂತಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ, ತೇವ ಒಮ್ಮೆಲೇ ಹಿಗ್ಗಿ ಪೈಪ್ ಸಿಡಿದುಬಿಡುತ್ತದೆ. ಆದ್ದರಿಂದ ಅದ್ದುವ ಮೊದಲೇ ತೂತು ಇಡುತ್ತಾರೆ. ಗಾಳಿ ಹೊರಗೆ ಹೋಗುತ್ತದೆ, ಸತುವು ಒಳಗೆ ಹರಿದು ಒಳಗೋಡೆಗೂ ಮೆತ್ತಿಕೊಳ್ಳುತ್ತದೆ. ಮುಂದೆ ಟ್ರೇಲರ್ ರಸ್ತೆಗಿಳಿದ ಮೇಲೆ ಒಳಗೆ ಸೇರಿದ ನೀರಿಗೂ ಅದೇ ದಾರಿ. ನನ್ನ ಹಳೆಯ ಟ್ರೇಲರ್‌ಗೆ ಇಂಥದೊಂದು ತೂತು ಇದ್ದಿದ್ದರೆ ಇನ್ನೂ ಕೆಲವು ವರ್ಷ ಬದುಕುತ್ತಿತ್ತೋ ಏನೋ.

ಕೆಲಸ ಮುಗಿಸಿ ಬಂದ ದಿನ ತೊಳೆಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನನ್ನ ಟ್ರೇಲರ್ ಕಾಣುವುದು ಕೆಸರು, ಸಿಮೆಂಟ್, ಒಮ್ಮೊಮ್ಮೆ ಗೊಬ್ಬರದ ಚೀಲ. ಕೆಸರನ್ನು ಸತುವು ಲೆಕ್ಕಕ್ಕೇ ಇಡುವುದಿಲ್ಲ. ಹಸಿ ಸಿಮೆಂಟಿನ ಕ್ಷಾರವೂ ಗೊಬ್ಬರದ ಉಪ್ಪೂ ಸತುವನ್ನು ತಿನ್ನುತ್ತವೆ, ಅವು ರಾತ್ರಿಯಿಡೀ ಕೂರಬಾರದು. ಮೊದಲು ಹಿಚ್ಚಿನ ಕಡೆಯನ್ನು, ಅಂದರೆ ಗಾಡಿಗೆ ಸಿಕ್ಕಿಸುವ ಮುಂತುದಿಯನ್ನು, ಜಾಕಿಯಿಂದ ನಾಲ್ಕು ಬೆರಳು ಎತ್ತರಿಸುತ್ತೇನೆ, ನೀರು ಬಾಲದ ಕಡೆ ಓಡಲಿ ಎಂದು. ಆಮೇಲೆ ಮುಂತುದಿಯಲ್ಲೂ ಇರುವ ಅಂಥದೇ ತೂತಿಗೆ ನೀರಿನ ಪೈಪಿನ ಮೂತಿ ಇಟ್ಟು ನೀರು ಬಿಟ್ಟು ಹಿಂದಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂರುತ್ತೇನೆ. ಒಂದೆರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಪೈಪಿನೊಳಗೆ ಗೊಳಗೊಳ ಸದ್ದು. ಆಮೇಲೆ ಮೊದಲು ಬಲಗಡೆ, ಅದರ ಬೆನ್ನಿಗೇ ಎಡಗಡೆ ಧಾರೆ ಬೀಳುತ್ತದೆ. ಮೊದಲ ನೀರು ಮಣ್ಣಿನ ಬಣ್ಣ, ನಂತರ ತಿಳಿ. ತಿಳಿಯಾಗುವ ತನಕ ಏಳುವುದಿಲ್ಲ. ಮನೆಯವರಿಗೆ ಇದು ತಮಾಷೆಯ ವಿಷಯ. ನನಗೆ ಇದಿಲ್ಲದೆ ದಿನ ಮುಗಿಯುವುದಿಲ್ಲ.

ಎರಡನೇ ವರ್ಷ ಒಂದು ದಿನ ಎಡಗಡೆಯ ಧಾರೆ ತಿಳಿಯಾಗಲೇ ಇಲ್ಲ. ಇಟ್ಟಿಗೆ ಬಣ್ಣದ ನೀರು. ಹತ್ತು ನಿಮಿಷ ಬಿಟ್ಟರೂ ಅದೇ. ಎದೆ ಧಸಕ್ಕೆಂದಿತು. ಇಷ್ಟು ದುಡ್ಡು ಸುರಿದು, ಎರಡೇ ವರ್ಷಕ್ಕೆ ಒಳಗಿನಿಂದ ತುಕ್ಕೇ? ಈ ವಿಮರ್ಶೆಯನ್ನು ಆ ವಾರ ಬರೆದಿದ್ದರೆ ಭಾಷೆ ಇಷ್ಟು ಸಭ್ಯವಾಗಿ ಇರುತ್ತಿರಲಿಲ್ಲ. ಮಾರಿದವರಿಗೆ ಕರೆ ಮಾಡಿದೆ. “ಹೊರಗಿನ ಕೆಸರಿರಬೇಕು, ಚೆನ್ನಾಗಿ ತೊಳೆಯಿರಿ” ಎಂದರು. ದಿನಾ ತೊಳೆಯುವವನಿಗೆ ಆ ಮಾತು!

ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ತೂತಿನೊಳಗೆ ತೂರಿಸಿ ಎಳೆದೆ. ಬಂದದ್ದು ಸುರುಳಿ ಸುರುಳಿಯಾದ ಕಬ್ಬಿಣದ ಸಿಪ್ಪೆ, ಡ್ರಿಲ್ ಮಾಡುವಾಗ ಉದುರುತ್ತದಲ್ಲ, ಅದು. ಪೂರ್ತಿ ತುಕ್ಕು ಹಿಡಿದು ಒಂದಕ್ಕೊಂದು ಹೆಣೆದು, ಕೆಸರಿನ ಜೊತೆ ಸೇರಿ ತೂತಿಗೆ ಅರ್ಧ ಬಿರಡೆ ಹಾಕಿತ್ತು. ಕೊಳ್ಳುವಾಗ ಹೆಚ್ಚುವರಿ ಚಕ್ರ ಇಡಲು ಒಂದು ಬ್ರಾಕೆಟ್ ಕೇಳಿದ್ದೆ. ಮಾರಿದವರು ಅದ್ದಿದ ಚಾಸಿಸ್‌ಗೇ ನಾಲ್ಕು ಕಡೆ ಡ್ರಿಲ್ ಹೊಡೆದು ಬೋಲ್ಟ್ ಬಿಗಿದಿದ್ದರು, ಒಳಗೆ ಬಿದ್ದ ಸಿಪ್ಪೆಯನ್ನು ಊದಿ ತೆಗೆಯುವ ವ್ಯವಧಾನ ಅವರಿಗಿರಲಿಲ್ಲ. ಬೋಲ್ಟ್ ಬಿಚ್ಚಿ ನೋಡಿದರೆ ಡ್ರಿಲ್ ಮಾಡಿದ ಅಂಚುಗಳಲ್ಲಿ ಉಕ್ಕು ಬರಿ ಮೈಯಲ್ಲಿತ್ತು, ಬಣ್ಣದ ಒಂದು ಹನಿಯೂ ಇಲ್ಲ. ಆಶ್ಚರ್ಯವೆಂದರೆ ಆ ಅಂಚು ಬರೀ ಕಂದಿತ್ತು, ತುಕ್ಕು ಪದರವಾಗಿ ಎದ್ದಿರಲಿಲ್ಲ. ಸತುವಿನ ಗುಣವೇ ಅದು: ಪಕ್ಕದಲ್ಲಿ ಒಂದಿಷ್ಟು ಉಕ್ಕು ಬೆತ್ತಲಾದರೆ ತಾನು ಮೊದಲು ಸವೆದು ಅದನ್ನು ಕಾಯುತ್ತದೆ. ಗೀರು, ಸಣ್ಣ ತೂತಿನ ಅಂಚು ಇಷ್ಟಕ್ಕೆ ಮಾತ್ರ ಈ ಕಾವಲು. ಅಂಗೈಯಗಲ ಸತುವು ಕಿತ್ತುಬಂದರೆ ಅದರ ಕೈಲೂ ಆಗದು.

ಅಂಚುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸತುವಿನ ಪುಡಿ ತುಂಬಿದ ಬಣ್ಣ ಎರಡು ಸಲ ಬಳಿದೆ. ಒಳಗಿನ ಸಿಪ್ಪೆ ಪೂರ್ತಿ ಹೋಗಲು ನಾಲ್ಕು ತೊಳೆತ ಬೇಕಾಯಿತು. ಐದನೆಯ ದಿನ ಎಡಗಡೆಯೂ ತಿಳಿನೀರು. ಅಲ್ಲಿಗೆ ಚಾಸಿಸ್‌ನ ಮೇಲಿದ್ದ ಸಿಟ್ಟು ಇಳಿಯಿತು. ಮಾರಿದವರ ಮೇಲಿನದು ಇನ್ನೂ ಇದೆ. ನೀವು ಕೊಳ್ಳುವುದಾದರೆ ಬ್ರಾಕೆಟ್, ಕೊಂಡಿ, ಉಪಕರಣದ ಪೆಟ್ಟಿಗೆಯ ಕಾಲು ಏನೇ ಬೇಕಿದ್ದರೂ ಅದ್ದುವ ಮೊದಲೇ ವೆಲ್ಡ್ ಮಾಡಿಸಿ. ಆಮೇಲೆ ಸತುವಿನ ಮೇಲೆ ವೆಲ್ಡಿಂಗ್ ಮಾಡಿದರೆ ಪದರ ಸುಟ್ಟುಹೋಗುವುದಲ್ಲದೆ ಏಳುವ ಬಿಳಿ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಇನ್ನೊಂದು ಪಾಠವನ್ನು ನನ್ನ ದಡ್ಡತನದಿಂದಲೇ ಕಲಿತೆ. ಹೊಸದರಲ್ಲಿ ಮುದ್ದು ಮಾಡಿ ಟಾರ್ಪಾಲು ಬಿಗಿಯಾಗಿ ಹೊದಿಸಿದ್ದೆ. ತಿಂಗಳು ಬಿಟ್ಟು ತೆಗೆದರೆ ಮೈತುಂಬ ಸುಣ್ಣದಂತೆ ಬಿಳಿ ಪುಡಿ. ಹೊಸ ಸತುವಿಗೆ ಗಾಳಿ ಬೇಕು; ಗಾಳಿಯಲ್ಲಿ ಅದು ನಿಧಾನವಾಗಿ ಮಾಸಲು ಬೂದು ಬಣ್ಣಕ್ಕೆ ತಿರುಗುತ್ತದೆ, ಆ ಮಾಸಲೇ ಅದರ ರಕ್ಷೆ. ಈಗ ಬಯಲಲ್ಲೇ ನಿಲ್ಲಿಸುತ್ತೇನೆ.

ಬೇರಿಂಗ್, ಟೈರ್ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ತುಂಬುತ್ತೇನೆ, ಟೈರುಗಳನ್ನು ಆರನೇ ವರ್ಷಕ್ಕೆ ಬದಲಿಸಿದೆ. ದೀಪಗಳದ್ದು ಮಾತ್ರ ತಲೆನೋವು. ಅವುಗಳ ಅರ್ಥ್ ತಂತಿಯನ್ನು ಚಾಸಿಸ್‌ಗೆ ಸಾದಾ ಉಕ್ಕಿನ ಸ್ಕ್ರೂ ಒಂದರಿಂದ ಬಿಗಿದಿದ್ದರು, ಸ್ಕ್ರೂ ತುಕ್ಕು ಹಿಡಿದಾಗಲೆಲ್ಲ ಎಡಕ್ಕೆ ಸೂಚನೆ ಹಾಕಿದರೆ ಬ್ರೇಕ್ ದೀಪವೂ ಮಿಣುಕುತ್ತಿತ್ತು. ಪ್ರತ್ಯೇಕ ಅರ್ಥ್ ತಂತಿಯನ್ನು ಹಿಚ್ಚಿನ ಪ್ಲಗ್ಗಿನವರೆಗೆ ಎಳೆದ ಮೇಲೆ ಸರಿಹೋಯಿತು. ರ‍್ಯಾಂಪಿನ ಕೀಲುಪಿನ್ನಿಗೂ ಅದೇ ಗತಿ: ಚಾಸಿಸ್‌ಗೆ ಅಷ್ಟು ಸತುವು ಸುರಿದವರು ಹೆಬ್ಬೆರಳು ಗಾತ್ರದ ಪಿನ್ನಿಗೆ ಬರೀ ಬಣ್ಣ ಬಳಿದು ಕೈತೊಳೆದುಕೊಂಡಿದ್ದಾರೆ. ಈಗ ಹಾಕಿರುವುದು ಮೂರನೆಯ ಪಿನ್ನು.

ಇನ್ನೊಮ್ಮೆ ಕೊಂಡರೆ ಇದನ್ನೇ ಕೊಳ್ಳುತ್ತೇನೆ, ಆದರೆ ಬಾಕ್ಸ್ ಪೈಪಿನ ಬದಲು ಒಂದು ಬದಿ ತೆರೆದಿರುವ ಸಿ ಚಾನೆಲ್‌ನದು ಸಿಕ್ಕರೆ ಎರಡು ಸಲ ಯೋಚಿಸುತ್ತೇನೆ. ಅದರಲ್ಲಿ ಒಳಗೆಂಬುದೇ ಇಲ್ಲ, ಎಲ್ಲ ಕಣ್ಣೆದುರೇ. ಹಾಗೆ ನೋಡಿದರೆ ಹಿಂದೆ ಹೋಗಿ ಕೂರುವ ಕೆಲಸವೂ ಇರುವುದಿಲ್ಲ, ಅದೊಂದು ಬೇಸರ.

ನಿನ್ನೆ ತೊಳೆಯುವಾಗ ಎಡಗಡೆಯ ಧಾರೆ ಬಲಗಡೆಯದಕ್ಕಿಂತ ಸ್ವಲ್ಪ ಸಣ್ಣದಾಗಿತ್ತು. ನೀರೇನೋ ತಿಳಿಯೇ. ಆದರೂ ಕೊಕ್ಕೆ ತಂತಿಯನ್ನು ಹುಡುಕಿ ಜಾಕಿಯ ಪಕ್ಕದಲ್ಲಿ ಇಟ್ಟಿದ್ದೇನೆ.