ಹಳೇ ಕೆತ್ತನೆ ಪೆಟ್ಟಿಗೆ ಕೊಳ್ಳುತ್ತೀರಾ? ಮೊದಲು ತಿರುಗಿಸಿ ತಳ ನೋಡಿ

100 ವರ್ಷ ದಾಟಿದ ಪಟಾರೋ ಅಂತ ಹೇಳಿ ವ್ಯಾಪಾರಿಯೊಬ್ಬರು ನನಗೊಂದು ಪೆಟ್ಟಿಗೆ ಮಾರಿದರು. ಅದರಲ್ಲಿ ಹಳೆಯದು ಮುಂದಿನ ಕೆತ್ತನೆಯ ಹಲಗೆ ಮಾತ್ರ. ಉಳಿದದ್ದೆಲ್ಲ ಇತ್ತೀಚೆಗೆ ಜೋಡಿಸಿದ್ದು.

ಪಟಾರೋ ಅಂದರೆ ಗುಜರಾತಿನ ಕಛ್, ಸೌರಾಷ್ಟ್ರ ಕಡೆ ಮದುವೆಯಲ್ಲಿ ಮಗಳ ಜೊತೆ ಕಳಿಸುತ್ತಿದ್ದ ದೊಡ್ಡ ಮರದ ಪೆಟ್ಟಿಗೆ. ಹಿತ್ತಾಳೆ ಇಲ್ಲವೇ ಕಬ್ಬಿಣದ ಪಟ್ಟಿ ಹೊಡೆದಿರುತ್ತಾರೆ. ತುಂಬಾ ಭಾರ, ಹಾಗಾಗಿ ಎಷ್ಟೋ ಪೆಟ್ಟಿಗೆಗಳಿಗೆ ಕೆಳಗೆ ಚಕ್ರಗಳೂ ಇರುತ್ತವೆ. ಅಂಥದ್ದೊಂದು ಮನೆಯಲ್ಲಿರಲಿ ಅನ್ನೋದು ನನಗೆ ಬಹಳ ದಿನದ ಆಸೆ.

ಪಾಲಿಶ್ ಮಾಡಲು ಬಂದ ಬಡಗಿ ಮೊದಲು ತೋರಿಸಿದ್ದು ಕೆತ್ತನೆಯನ್ನೇ. ಬಳ್ಳಿ ಮೂಲೆಗೆ ಬಂದು ಅರ್ಧ ಹೂವಿಗೇ ತುಂಡಾಗಿತ್ತು. ಪೆಟ್ಟಿಗೆಗೆಂದೇ ಕೆತ್ತಿದವರು ಬಳ್ಳಿಯನ್ನು ಮೂಲೆಯಲ್ಲಿ ತಿರುಗಿಸುತ್ತಾರೆ, ಇಲ್ಲಾ ಮುಗಿಸುತ್ತಾರೆ. ಇದು ಯಾವುದೋ ಮನೆಯ ಬಾಗಿಲನ್ನು ಕೊಯ್ದು ಕೂರಿಸಿದ್ದು. ನನಗೆ ಜಾಸ್ತಿ ಸಂಕಟವಾಗಿದ್ದು ಇದಕ್ಕೇ.

ಆಮೇಲೆ ಕುಟ್ಟೆ ಹುಳದ ತೂತುಗಳು. "ನೋಡಿ, ಎಷ್ಟು ಹಳೇದು" ಅಂತ ವ್ಯಾಪಾರಿ ತೋರಿಸಿದ್ದೇ ಇವನ್ನು. ಹುಳ ಮರದಿಂದ ಹೊರಗೆ ಬಂದಾಗ ಮೇಲೆ ಕಾಣೋದು ಸಣ್ಣ ದುಂಡು ತೂತು ಮಾತ್ರ, ಕೊರೆದ ದಾರಿ ಒಳಗೇ ಇರುತ್ತದೆ. ನನ್ನ ಪೆಟ್ಟಿಗೆಯ ಪಕ್ಕದ ಹಲಗೆಗಳಲ್ಲಿ ಆ ದಾರಿಯೇ ಉದ್ದಕ್ಕೆ ತೆರೆದುಕೊಂಡಿತ್ತು. ಅಂದರೆ ಹುಳ ತಿಂದ ಮರವನ್ನು ಆಮೇಲೆ ಕೊಯ್ದು, ಬಣ್ಣ ಬಳಿದಿದ್ದಾರೆ. ಹುಳ ಇನ್ನೂ ಬದುಕಿತ್ತು ಕೂಡ. ತಳದಲ್ಲಿ ಹಿಟ್ಟಿನಂಥ ಹೊಸ ಪುಡಿ ಉದುರಿತ್ತು.

ಕೀಲುಗಳಿಗೆ ಹಾಕಿದ್ದು ಪ್ಲಸ್ ತಲೆಯ ಸ್ಕ್ರೂ. ಅದು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ರಿಪೇರಿಗೆ ಹಾಕಿದ್ದು ಅನ್ನೋಣವೆಂದರೆ ಹಳೇ ಮೊಳೆಯ ತೂತಾದರೂ ಇರಬೇಕಲ್ವಾ? ಒಂದೂ ಇರಲಿಲ್ಲ.

ವಾಪಸ್ ಕೊಡಲು ಹೋದರೆ ಬಿಲ್ಲು ತೋರಿಸಿದರು. ಅದರಲ್ಲಿ 'ಅಲಂಕಾರಿಕ ಮರದ ಪೆಟ್ಟಿಗೆ' ಅಂತಷ್ಟೇ ಇತ್ತು. ಬಾಯಲ್ಲಿ ಹೇಳಿದ ವಯಸ್ಸು ಕಾಗದಕ್ಕೆ ಇಳಿದಿರಲಿಲ್ಲ. ಇದು ಮೋಸ. ಒಳ್ಳೇ ಕೆತ್ತನೆ ಮಾಡುವವರು ಇವತ್ತಿಗೂ ಇದ್ದಾರೆ. ಅವರ ಪೆಟ್ಟಿಗೆಯನ್ನು ಹೊಸದು ಅಂತಲೇ ಮಾರಿದ್ದರೆ ಖುಷಿಯಿಂದ ಕೊಳ್ಳುತ್ತಿದ್ದೆ.

ಮರ ಯಾವುದು, ವಯಸ್ಸೆಷ್ಟು, ಯಾವ ಭಾಗ ಬದಲಾಗಿದೆ ಅನ್ನೋದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ, 100 ವರ್ಷ ದಾಟಿದ ಇಂಥ ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಅಷ್ಟು ಹಳೇದು ಅನ್ನುವವರ ಹತ್ತಿರ ಅದನ್ನೂ ಕೇಳಿ. ಮಾತು ತಿರುಗಿಸಿದರೆ ಮುಂಗಡ ಕೊಡಬೇಡಿ.