ಆರ್‌ಎಂಆರ್ ಛಲೋನೋ, ಕ್ಯೂ ಛಲೋನೋ: ಒಂದೇ ಫೇಸ್‌ಗೆ ಎರಡೂ ಹಾಕಿ ನೋಡ್ದೆ

ನಂದು ಕಲಬುರಗಿ, ಕೆಲಸ ಟನಲ್ ಜಿಯಾಲಜಿ, ಸೈಟ್ ಮಹಾರಾಷ್ಟ್ರದ ಬಸಾಲ್ಟ್ ಕಲ್ಲಿನಾಗ. ಹೋದ ವರ್ಷ ಎರಡು ತಿಂಗಳು ಪ್ರತಿ ಬ್ಲಾಸ್ಟ್ ಆದಮ್ಯಾಲ ಫೇಸ್ ಮುಂದ, ಅಂದ್ರ ಟನಲ್ ಕೊರಿಯೋ ತುದಿಯ ಕಲ್ಲಿನ ಗೋಡಿ ಮುಂದ ನಿಂತು, ಕಲ್ಲು ಎಷ್ಟು ಛಲೋ ಅದ ಅಂತ ಹೇಳೋ ಅಂಕಿ ಆರ್‌ಎಂಆರ್, ಕ್ಯೂ ಎರಡೂ ಬರದೀನಿ.

ಬಿನಿಯಾವ್ಸ್ಕಿ 1973ರಾಗ ತಂದ ಆರ್‌ಎಂಆರ್ ಅಂದ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದಂಗ. 1989ರ ಟೇಬಲ್‌ದಾಗ ಕಲ್ಲಿನ ಗಟ್ಟಿತನಕ್ಕ 15, ಆರ್‌ಕ್ಯೂಡಿಗೆ (ಡ್ರಿಲ್ ಮಾಡಿ ತಗದ ಕಲ್ಲಿನ ಕೋಲು ಎಷ್ಟು ತುಂಡಾಗ್ದೆ ಬಂದದ ಅನ್ನೋದು) 20, ಬಿರುಕು ಎಷ್ಟೆಷ್ಟು ದೂರ ಅವ ಅನ್ನೋದಕ್ಕ 20, ಬಿರುಕಿನ ಸ್ಥಿತಿ 30, ನೀರು 15, ಕೂಡ್ಸಿ ನೂರು, ಆಮ್ಯಾಲ ಬಿರುಕಿನ ದಿಕ್ಕು ನೋಡಿ ಕಳಿಯೋದು. ಶಿಫ್ಟ್ ಎಂಜಿನಿಯರ್ "ಏನ್ ಸರ್, ಪಾಸ್ ಆತೇನ್ರಿ?" ಅಂತ ಕೇಳ್ತಿದ್ದ, ಅಷ್ಟು ಲಗೂ ತಿಳೀತದ ಯಾರಿಗಾದ್ರೂ. ಒಂದೇ ಫೇಸ್‌ಗೆ ಇಬ್ರು ಬ್ಯಾರೆ ಬ್ಯಾರೆ ಬರದ್ರೂ ನಾಲ್ಕೈದು ಮಾರ್ಕ್ಸ್ ಅಷ್ಟೇ ಫರಕ್. ಕ್ಯೂ ಹಂಗಲ್ರೀ, 1974ರಾಗ ಬಾರ್ಟನ್ ಮತ್ತ ಅವರ ಜೋಡಿಯವರು ನಾರ್ವೇದಾಗ ಮಾಡಿದ್ದು, ಅದು ಗುಣಾಕಾರ ಭಾಗಾಕಾರ, ಒಂದು ಅಂಕಿ ತಪ್ಪಿದ್ರ ಪೂರಾ ಲೆಕ್ಕಾನೇ ಡಬಲ್.

ಆದ್ರ ಒಂದಿನ ಏನಾತಂದ್ರ, ಕ್ರೌನ್ (ಟನಲ್ ಛಾವಣಿ) ಹತ್ರ ಒಂದು ಬಿರುಕಿನಾಗ ಬಟ್ಟು ಹಾಕಿದ್ರ ಉಗುರಿನಾಗೆಲ್ಲ ಕೆಂಪ ಮಣ್ಣು, ಮೆತ್ತಗ ಬೆಣ್ಣಿ ಹಂಗ, ಮೂರು ನಾಲ್ಕು ಮಿಲಿಮೀಟರ್ ದಪ್ಪ. ಆರ್‌ಎಂಆರ್ ಹಾಕ್ದೆ, ಮ್ಯಾಲಿನ ಐದಕ್ಕ ಅದೇ ಸಾಲಿನಾಗ 12, 13, 10, 10, 10, ದಿಕ್ಕಿಗೆ 5 ಕಳದು 50, ಅಂದ್ರ ಫೇರ್. ಕ್ಯೂ ಹಾಕ್ದೆ, ಆರ್‌ಕ್ಯೂಡಿ 60, ಜೆಎನ್ (ಬಿರುಕಿನ ಗುಂಪು ಎಷ್ಟವ ಅನ್ನೋದಕ್ಕ) 9, ಜೆಆರ್ (ಬಿರುಕು ಎಷ್ಟು ಒರಟು ಅನ್ನೋದಕ್ಕ) 1, ಆದ್ರ ಆ ಮಣ್ಣಿಗೆ ಜೆಎ (ಬಿರುಕಿನಾಗ ಏನು ತುಂಬೇದ ಅನ್ನೋದಕ್ಕ) 8, ಬಂದದ್ದು 0.83, ಅಂದ್ರ ವೆರಿ ಪೂರ್! ಆರ್‌ಎಂಆರ್ ಚಾರ್ಟ್‌ನಾಗ ಫೇರ್ ಕಲ್ಲಿಗೆ ಟಾಪ್ ಹೆಡಿಂಗ್ (ಟನಲ್‌ನ ಮ್ಯಾಲಿನ ಭಾಗ) ಒಮ್ಮೆಗೆ ಒಂದೂವರಿಯಿಂದ ಮೂರು ಮೀಟರ್ ಎಳಿಬಹುದು ಅಂತ ಅದ, ಮೂರೇ ಎಳದ್ವಿ. ಶಾಟ್‌ಕ್ರೀಟ್ (ಕಲ್ಲಿಗೆ ಚಿಮ್ಮೋ ಕಾಂಕ್ರೀಟ್) ಬರೋದ್ರಾಗ ಮಂಚದಷ್ಟು ಹಲಗಿಕಲ್ಲು ಅದೇ ಬಿರುಕಿನಿಂದ ಕಳಚಿ ಬಿತ್ತು. ಕೆಳಗ ಯಾರೂ ಇರ್ಲಿಲ್ಲ, ಪುಣ್ಯ. ಅವತ್ತಿನಿಂದ ಬಟ್ಟು ಕೆಂಪಾದ್ರ ನಾ ಕ್ಯೂ ಕಡಿಗೇ.

ಇನ್ನೊಂದು, ಆರ್‌ಎಂಆರ್ ಸಪೋರ್ಟ್ ಟೇಬಲ್ ಇರೋದು 10 ಮೀಟರ್ ಅಗಲದ ಕುದುರಿ ಲಾಳದಾಕಾರದ ಟನಲ್‌ಗೆ. ಕ್ಯೂದಾಗ ಅಗಲಾನೂ ಲೆಕ್ಕಕ್ಕ ಬರ್ತದ, ಪೋರ್ಟಲ್ (ಟನಲ್ ಬಾಯಿ) ಹತ್ರ ಜೆಎನ್ ಡಬಲ್ ಮಾಡ್ಬೇಕು. ಎರಡರ ನಡಕ ಆರ್‌ಎಂಆರ್ ಅಂದ್ರ 9 ನ್ಯಾಚುರಲ್ ಲಾಗ್ ಕ್ಯೂ ಪ್ಲಸ್ 44 ಅಂತ ಫಾರ್ಮುಲಾ ಅದ, ಕೆಲವ್ರು ಒಂದೇ ಹಾಕಿ ಇನ್ನೊಂದು ಅದರಿಂದನೇ ತಗದ್ಬಿಡ್ತಾರ, ಅದು ಮೋಸ ಅಂತೀನಿ ನಾನು. ಆ ಫೇಸ್‌ಗೆ ಫಾರ್ಮುಲಾ 42 ಕೊಡ್ತದ, ನಂದು 50 ಇತ್ತು.

ಆದ್ರ ಎರಡಕ್ಕೂ ಬುಡ ಆರ್‌ಕ್ಯೂಡಿನೇ, ಅಂದ್ರ ಡ್ರಿಲ್ ಮಾಡಿದ ಕೋರ್‌ನಾಗ 10 ಸೆಂಟಿಮೀಟರ್‌ಗಿಂತ ಉದ್ದ ತುಂಡುಗಳ ಒಟ್ಟು ಉದ್ದ ನೂರಕ್ಕ ಎಷ್ಟು ಅನ್ನೋದು. ರಜಾಕ್ಕ ಬಂದಾಗ ಶಹಾಬಾದ್ ಫರಸಿ ಖಣಿಗೆ ಹೋಗಿದ್ದೆ, ಪದರ ಪದರ ಹಾಳಿ ಇಟ್ಟಂಗ. ಮ್ಯಾಲಿಂದ ಕೊರದ್ರ ತುಂಡೆಲ್ಲ ಬೊಟ್ಟಷ್ಟು, ಆರ್‌ಕ್ಯೂಡಿ ಸೊನ್ನಿ, ಅಡ್ಡ ಕೊರದ್ರ ನೂರರ ಹತ್ರ. ಕಲ್ಲು ಒಂದೇ. ಅಲ್ಲಿ ಉಳಿ ಹಿಡ್ದ ಕಾಕಾ ನನ್ನ ಟೇಪ್ ನೋಡಿ ನಕ್ಕು, "ಅಡ್ಡ ನೋಡ್ತಿಯೋ ಉದ್ದ ನೋಡ್ತಿಯೋ ಮೊದ್ಲು ಹೇಳಪಾ" ಅಂದ.