ರೀಲು ಕ್ಯಾಮೆರಾ ಮತ್ತು ಫೋನ್: ಸರಳ ಯಾವುದು?

ಹಿಂದಿನ ಬದುಕು ಸರಳವಾಗಿತ್ತು ಎನ್ನುವವರೊಡನೆ ವಾದಕ್ಕೆ ಕೂರುವುದಕ್ಕಿಂತ ಹಿಂದಿನ ಸಾಧನಗಳನ್ನೇ ಕೈಗೆತ್ತಿಕೊಂಡು ನೋಡೋಣ ಎಂದು ಹೊರಟೆ. ಬ್ಯಾಟರಿಯ ಹಂಗಿಲ್ಲದ, 35 ಎಂಎಂ ಫಿಲಂ ರೀಲು ಹಾಕುವ ಕ್ಯಾಮೆರಾ, ಕೀಲಿ ಕೊಡುವ ಅಲಾರಂ ಗಡಿಯಾರ, ಮಡಚುವ ಕಾಗದದ ನಕ್ಷೆ, ಅಂಚೆಯ ಪತ್ರ ಒಂದು ಕಡೆ. ಎದುರಿಗೆ, ಈ ಎಲ್ಲ ಕೆಲಸವನ್ನೂ ಒಬ್ಬನೇ ಮಾಡುವ ಫೋನ್. ಎರಡು ಕಡೆಯೂ ಸಾಕಷ್ಟು ಕಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾ. ಹಳೆಯ ಕಾಲದ ಮೇಲಿನ ಮೋಹಕ್ಕೆ ಹೆಚ್ಚು ಕಾರಣವಾಗಿರುವುದೂ ಅದೇ.

ಫಿಲಂ ಕ್ಯಾಮೆರಾದಲ್ಲಿ ರೀಲು ಹಾಕುವಾಗಲೇ ಪರೀಕ್ಷೆ ಶುರುವಾಗುತ್ತದೆ. ಫಿಲಂನ ತುದಿಯನ್ನು ಸುರುಳಿಗೆ ಸಿಕ್ಕಿಸಿ, ಅಂಚಿನ ರಂಧ್ರಗಳು ಹಲ್ಲುಗಳಿಗೆ ಕೂತಿವೆಯೇ ಎಂದು ನೋಡಿ, ಮುಚ್ಚಳ ಹಾಕಿ, ಫಿಲಂ ಮುಂದಕ್ಕೆ ಸರಿಸುವ ಲಿವರ್ ಎಳೆಯಬೇಕು. ಆಗ ಎಡಬದಿಯ ರಿವೈಂಡ್ ಗುಬ್ಬಿ (ಮುಗಿದ ಫಿಲಂ ಅನ್ನು ಹಿಂದಕ್ಕೆ ಸುತ್ತುವ ಗುಬ್ಬಿ) ತಿರುಗಬೇಕು. ತಿರುಗದಿದ್ದರೆ ಒಳಗೆ ಫಿಲಂ ಕದಲಿಲ್ಲ ಎಂದೇ ಅರ್ಥ. ಎಣಿಕೆಯ ಮುಳ್ಳು ಮಾತ್ರ ಯಾವ ಸಂಕೋಚವೂ ಇಲ್ಲದೆ 36ರವರೆಗೆ ಏರುತ್ತಾ ಹೋಗುತ್ತದೆ. ಆಮೇಲೆ ಬೆಳಕಿನ ಲೆಕ್ಕ. ಬೆಳಕು ಅಳೆಯುವ ಮೀಟರ್ ಇಲ್ಲದವರಿಗೆ ಹಳೆಯ ಸೂತ್ರವೊಂದಿದೆ: ಪ್ರಖರ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/16ಕ್ಕೆ ಕಿರಿದಾಗಿಸಿ, ಷಟರ್ ವೇಗವನ್ನು (ಬೆಳಕು ಬೀಳುವ ಹೊತ್ತನ್ನು) ಫಿಲಂನ ಐಎಸ್ಒ ಸಂಖ್ಯೆಯ, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂಬ ಅಳತೆಯ, ಹತ್ತಿರಕ್ಕೆ ತರುವುದು. ಐಎಸ್ಒ 400ರ ಫಿಲಂ ಆದರೆ ಸೆಕೆಂಡಿನ 1/500 ಭಾಗ. ಮೋಡ ಕವಿದರೆ ಅಪರ್ಚರ್ ತೆರೆಯುತ್ತಾ ಬರಬೇಕು. ಈ ಸೂತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಏಕೆಂದರೆ ನೆಗೆಟಿವ್ ಫಿಲಂ (ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ, ತಿರುಗುಮುರುಗಾಗಿ ಮೂಡುವ ಫಿಲಂ) ಹೆಚ್ಚಾದ ಬೆಳಕನ್ನು ಸಾಕಷ್ಟು ಸಹಿಸಿಕೊಳ್ಳುತ್ತದೆ. ಕಡಿಮೆಯಾದರೆ ಸಹಿಸುವುದಿಲ್ಲ: ನೆರಳಿನ ಭಾಗದಲ್ಲಿ ಏನೂ ದಾಖಲಾಗಿರುವುದಿಲ್ಲ, ಇಲ್ಲದ್ದನ್ನು ಯಾವ ಲ್ಯಾಬ್ ಕೂಡ ತಂದುಕೊಡಲಾರದು.

ಫೋನಿನಲ್ಲಿ ಇದಾವುದೂ ಇಲ್ಲ. ಗುಂಡಿ ಒತ್ತುವ ಮೊದಲೇ ಅದು ದೃಶ್ಯಗಳನ್ನು ಹಿಡಿದಿಡುತ್ತಿರುತ್ತದೆ. ಒತ್ತಿದಾಗ ಹಲವು ಚೌಕಟ್ಟುಗಳನ್ನು ಬೆಸೆದು, ಕತ್ತಲನ್ನು ಎತ್ತಿ, ಉರಿಬೆಳಕನ್ನು ತಗ್ಗಿಸಿ, ಒಂದು ಚಿತ್ರ ಕೊಡುತ್ತದೆ. ಸಂಜೆ ಮನೆಯೊಳಗಿನ ದೀಪದಲ್ಲಿ ಐಎಸ್ಒ 400ರ ಫಿಲಂ ಹಿಡಿದರೆ ಕಿಂಡಿ ಅಗಲವಾಗಿ ತೆರೆಯುವ ಎಫ್/2 ಲೆನ್ಸ್ ಇದ್ದರೂ ಷಟರ್ ಸುಮಾರು 1/30ಕ್ಕೆ ಇಳಿಯುತ್ತದೆ. ಮಗು ತಲೆ ತಿರುಗಿಸಿದರೆ ಚಿತ್ರ ಮಸುಕು. ಅದೇ ಕೋಣೆಯಲ್ಲಿ ಫೋನ್ ನಿರಾಯಾಸವಾಗಿ ಗೆದ್ದಿತು. ಮಂದ ಬೆಳಕಿನ ಮಟ್ಟಿಗೆ ಇದು ಸ್ಪರ್ಧೆಯೇ ಅಲ್ಲ.

ಇನ್ನು ರೀಲು ತೊಳೆಯುವ ಕೆಲಸ, ಅಂದರೆ ರಾಸಾಯನಿಕಗಳಲ್ಲಿ ಅದ್ದಿ ಚಿತ್ರ ಹೊರತರುವುದು. ಕಪ್ಪುಬಿಳುಪು ಫಿಲಂ ಅನ್ನು ನಾನೇ ತೊಳೆದೆ. ಕಗ್ಗತ್ತಲಲ್ಲಿ, ಬೆರಳಿನ ಸ್ಪರ್ಶವನ್ನೇ ನಂಬಿ, ಫಿಲಂ ಅನ್ನು ಸುರುಳಿಗೆ ಸುತ್ತಿ ತೊಟ್ಟಿಗೆ ಹಾಕಬೇಕು. ಅನಂತರ ಚಿತ್ರ ಮೂಡಿಸುವ 20 ಡಿಗ್ರಿಯ ಡೆವಲಪರ್, ಅದರ ಕೆಲಸ ನಿಲ್ಲಿಸುವ ಆಮ್ಲದ ದ್ರಾವಣ, ಬೆಳಕು ಬೀಳದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ಹೈಪೊ, ಕೊನೆಗೆ ಧಾರಾಳ ನೀರು. ಬಣ್ಣದ ಫಿಲಂಗೆ ಸುಮಾರು 38 ಡಿಗ್ರಿ ಬೇಕು, ಬಿಸಿ ಏರುಪೇರಾದರೆ ಬಣ್ಣ ವಾಲುತ್ತದೆ. ಅದನ್ನು ಲ್ಯಾಬಿಗೇ ಬಿಟ್ಟೆ. ತೊಟ್ಟಿಯಿಂದ ಒದ್ದೆ ನೆಗೆಟಿವ್ ಹೊರಗೆಳೆದು ಬೆಳಕಿಗೆ ಹಿಡಿದಾಗಿನ ಸಂತೋಷವನ್ನು ಫೋನ್ ಕೊಟ್ಟಿಲ್ಲ ಎಂದು ಒಪ್ಪುತ್ತೇನೆ. ಆದರೆ ಆ ಸಂತೋಷವನ್ನು ಸರಳತೆಯ ಲೆಕ್ಕಕ್ಕೆ ಬರೆಯುವುದು ಮೋಸ. ರಸಾಯನಶಾಸ್ತ್ರ, ಕತ್ತಲೆ, ಉಷ್ಣಮಾಪಕ, ನಿಮಿಷಗಳ ಎಣಿಕೆ, ಧೂಳಿನ ಜೊತೆ ಜಗಳ: ಇವೆಲ್ಲ ಸೇರಿದ ಮೇಲೂ ಕೈಗೆ ಬಂದದ್ದು ನೆಗೆಟಿವ್ ಮಾತ್ರ. ಪ್ರಿಂಟ್ ಹಾಕುವ ಕೆಲಸ ಇನ್ನೂ ಬಾಕಿ.

ಹಾಗಿದ್ದರೆ ಅದು ಸರಳವಾಗಿತ್ತು ಎಂಬ ನೆನಪು ಎಲ್ಲಿಂದ ಬಂತು? ಬಹುಮಟ್ಟಿಗೆ, ತೊಳೆಯುವ ಕೆಲಸವನ್ನು ಬೇರೆಯವರು ಮಾಡುತ್ತಿದ್ದುದರಿಂದ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳ ರೀಲು ತುಂಬಿರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳೂ ಹೊಸ ರೀಲು ತುಂಬಿದ ಕ್ಯಾಮೆರಾವೂ ವಾಪಸಾಗುತ್ತಿದ್ದವು. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮ್ಮದು ಎಂಬುದೇ ಅವರ ಜಾಹೀರಾತು. ಅಂದರೆ ಜಟಿಲತೆಯನ್ನು ಕಣ್ಮರೆ ಮಾಡಿ ಸರಳತೆಯನ್ನು ಮಾರುವ ವ್ಯಾಪಾರ ಫೋನಿನಿಂದ ಶುರುವಾದದ್ದಲ್ಲ. ಮನೆಗೆಲಸದ ವಿಷಯದಲ್ಲೂ ಇದೇ ಅನುಮಾನ ನನಗಿದೆ. ಕೈಯಿಂದ ಬಟ್ಟೆ ಒಗೆದು ನೋಡಿದೆ. ಹಿಂದಿನ ದಿನಗಳನ್ನು ಸರಳವೆಂದು ಹೊಗಳುವವರು ಆಗ ಒಗೆಯುವ ಕಲ್ಲಿನ ಬಳಿ ಇದ್ದವರಲ್ಲ ಎಂಬುದು ಅರ್ಧ ಬಕೆಟ್ ಮುಗಿಯುವಷ್ಟರಲ್ಲೇ ಖಚಿತವಾಯಿತು.

ಇಷ್ಟು ಹೇಳಿದ ಮೇಲೆ ಫಿಲಂ ಪರವಾಗಿ ಒಂದು ಮಾತು, ಮತ್ತು ಅದು ಸಣ್ಣದಲ್ಲ. ರೀಲು ಮುಗಿಯುತ್ತದೆ. 36 ಚಿತ್ರಗಳು, ಆರಾರರ ಆರು ಪಟ್ಟಿಗಳು, ಒಂದೇ ಕಾಗದದ ಮೇಲೆ ಅವೆಲ್ಲದರ ಸಣ್ಣ ಅಚ್ಚು. ಅದರಲ್ಲಿ ಎರಡೋ ಮೂರೋ ಆರಿಸಿ ಪ್ರಿಂಟ್ ಮಾಡಿ, ಉಳಿದದ್ದನ್ನು ಲಕೋಟೆಗೆ ಸೇರಿಸಿದರೆ ಆ ಪ್ರವಾಸದ ಕೆಲಸ ಅಲ್ಲಿಗೆ ತೀರಿತು. ಫೋನಿನಲ್ಲಿ ಚಿತ್ರ ತೆಗೆಯುವುದು ಕ್ಷಣದ ಮಾತು, ಆದರೆ ಒಂದೇ ಹೂವಿನ ಒಂಬತ್ತು ಪ್ರತಿಗಳಲ್ಲಿ ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಅವುಗಳ ನಡುವೆ ರಸೀತಿಯ ಚಿತ್ರ, ಯಾರೋ ಕಳುಹಿಸಿದ ಶುಭೋದಯ, ಜೇಬಿನೊಳಗೆ ತಾನೇ ಕ್ಲಿಕ್ಕಿಸಿಕೊಂಡ ಕತ್ತಲು. ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂದರೆ ಹೆಚ್ಚು ಜಾಗ ಕೊಳ್ಳುತ್ತೇವೆಯೇ ಹೊರತು ಆರಿಸಲು ಕೂರುವುದಿಲ್ಲ. ಹಳೆಯ ಶ್ರಮಕ್ಕೆ ಒಂದು ಕೊನೆಯಿತ್ತು. ಜನ ಸರಳತೆ ಎಂದು ನೆನೆಯುತ್ತಿರುವುದು ಆ ಕೊನೆಯನ್ನೇ ಇರಬೇಕು.

ಬಾಳಿಕೆಯಲ್ಲಿ ಎರಡೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಚೆನ್ನಾಗಿ ತೊಳೆದು ಒಣ, ತಂಪು ಜಾಗದಲ್ಲಿಟ್ಟ ಕಪ್ಪುಬಿಳುಪು ನೆಗೆಟಿವ್ ತಲೆಮಾರುಗಳನ್ನು ದಾಟುತ್ತದೆ. ಆದರೆ ಬಣ್ಣಗಳು ಮಾಸುತ್ತವೆ, ಸೆಕೆ ಮತ್ತು ತೇವದಲ್ಲಿಟ್ಟ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲಂ ವಿನೆಗರ್ ವಾಸನೆ ಬೀರುತ್ತಾ ಸುಕ್ಕುಗಟ್ಟುತ್ತದೆ. ಡಿಜಿಟಲ್ ಚಿತ್ರ ಮಾಸುವುದಿಲ್ಲ. ಡಿಸ್ಕ್ ಕೈಕೊಟ್ಟರೆ ಒಮ್ಮೆಲೇ ಎಲ್ಲವೂ ಇಲ್ಲವಾಗುತ್ತದೆ. ಹಾಗೆಂದು ನೆಗೆಟಿವ್‌ಗೆ ಪಡಿಯಚ್ಚಾದ ಇನ್ನೊಂದು ಪ್ರತಿ ಸುಲಭವಲ್ಲ, ಫೋನಿನ ಚಿತ್ರಕ್ಕೆ ಹತ್ತು ಪ್ರತಿ ಮಾಡಬಹುದು. ಈ ಸುತ್ತು ಫೋನಿಗೆ, ಪ್ರತಿ ಮಾಡಿಡುವ ಶಿಸ್ತಿದ್ದರೆ.

ಅಲಾರಂ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೀಲಿ ಗಡಿಯಾರ ದಿನಕ್ಕೆ ಒಂದೆರಡು ನಿಮಿಷ ಹಿಂದುಮುಂದಾಗುತ್ತದೆ, ರಾತ್ರಿಯಿಡೀ ಟಿಕ್‌ಟಿಕ್ ಎನ್ನುತ್ತದೆ, ಕೀಲಿ ಮರೆತರೆ ಏಳಿಸುವುದೇ ಇಲ್ಲ. ಆದರೆ ಅದನ್ನು ನಿಲ್ಲಿಸಲು ಕೈ ಚಾಚಿದವನು ಹಾಸಿಗೆಯಲ್ಲೇ ಸುದ್ದಿ ಓದುತ್ತಾ ಕೂರುವುದಿಲ್ಲ. ಸಾದಾ ಬ್ಯಾಟರಿ ಗಡಿಯಾರ ಈ ಜಗಳವನ್ನು ಎಂದೋ ಬಗೆಹರಿಸಿದೆ, ಯಾರೂ ಅದರ ಹೆಸರೆತ್ತುವುದಿಲ್ಲ ಅಷ್ಟೆ.

ನಕ್ಷೆಯ ಪರೀಕ್ಷೆಯಲ್ಲಿ ಬೇರೆಯದೇ ಫಲಿತಾಂಶ ಬಂತು. ಕಾಗದದ ನಕ್ಷೆ ಹಿಡಿದು ಹೊರಟರೆ ಹೊರಡುವ ಮುಂಚೆಯೇ ದಾರಿಯನ್ನು ಓದಿಕೊಳ್ಳಬೇಕು; ಓದಿದ ಮೇಲೆ ಊರು ಯಾವ ದಿಕ್ಕಿಗೆ, ನದಿ ಎಲ್ಲಿ ಅಡ್ಡ ಬರುತ್ತದೆ ಎಂಬುದೆಲ್ಲ ತಲೆಯಲ್ಲಿ ಕೂರುತ್ತದೆ. ಫೋನ್ ಹೇಳಿದಂತೆ ತಿರುಗುತ್ತಾ ಹೋದ ದಾರಿಯನ್ನು ಮರುದಿನ ನಾನು ಒಬ್ಬನೇ ಹಿಡಿಯಲಾರೆ. ಆದರೂ ಮುಚ್ಚಿದ ರಸ್ತೆ ಕಾಗದಕ್ಕೆ ಗೊತ್ತಾಗುವುದಿಲ್ಲ, ನೀವು ಈಗ ಎಲ್ಲಿ ನಿಂತಿದ್ದೀರಿ ಎಂದೂ ಅದು ಹೇಳುವುದಿಲ್ಲ. ಪತ್ರ ಮತ್ತು ಸಂದೇಶದ ನಡುವೆ ವೇಗದ ಮಾತೇ ಬೇಡ. ಪತ್ರಕ್ಕೆ ಒಂದೇ ಅನುಕೂಲ: ಹಾಕಿದ ಮೇಲೆ, ಓದಿಯೂ ಏಕೆ ಉತ್ತರಿಸಲಿಲ್ಲ ಎಂದು ಯಾರನ್ನೂ ಶಂಕಿಸಬೇಕಾಗಿಲ್ಲ.

ಈಗ ನನ್ನ ವ್ಯವಸ್ಥೆ ಹೀಗಿದೆ. ಮನೆಯೊಳಗೆ, ಸಂಜೆಯಲ್ಲಿ, ಮಕ್ಕಳು ಓಡಾಡುವಲ್ಲಿ, ದಾಖಲೆಗೆ ಬೇಕಾದ ಕಡೆ ಫೋನ್. ಹಗಲಲ್ಲಿ ಸುಮ್ಮನೆ ಅಲೆಯುವಾಗ ಕಪ್ಪುಬಿಳುಪು ರೀಲು. ತಿಂಗಳ ಕೊನೆಗೆ ಫೋನಿನಿಂದಲೂ 36 ಚಿತ್ರ ಆರಿಸಿ ಬೇರೆ ಕಡೆ ಇಡುತ್ತೇನೆ, ಉಳಿದದ್ದನ್ನು ಅಳಿಸುತ್ತೇನೆ. ರೀಲು ತೊಳೆಯುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.